ಕಾರ್ಬನ್ ನ್ಯಾನೋಕೊಳವೆ ಬೆಳೆಸಲು ಕಬ್ಬಿಣದ ಕಣವೇಕೆ?

ಕಾರ್ಬನ್ ನ್ಯಾನೋಕೊಳವೆ ಎಂದರೆ ಇಂಗಾಲದ ಪರಮಾಣುಗಳಿಂದಾದ, ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆ. ಕೊಳವೆಯಾಗುವುದು ಇಂಗಾಲ, ಹಾಗಿದ್ದರೆ ಕುಲುಮೆಯಲ್ಲಿ ಕಬ್ಬಿಣಕ್ಕೇನು ಕೆಲಸ ಎಂದು ಕೇಳಿದ್ದೀರಿ. ಕೆಲಸ ಎರಡು: ಅನಿಲವನ್ನು ಒಡೆಯುವುದು, ಕೊಳವೆಗೆ ಅಳತೆ ಕೊಡುವುದು.

ಸುಮಾರು 600ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಸಿಟಿಲೀನ್ ಅಥವಾ ಮೀಥೇನ್ ಹರಿಸಿದರೆ, ಕಬ್ಬಿಣ, ಕೋಬಾಲ್ಟ್ ಇಲ್ಲವೇ ನಿಕ್ಕಲ್ ಕಣದ ಮೈಮೇಲೆ ಅದು ಸುಲಭವಾಗಿ ಒಡೆಯುತ್ತದೆ. ಹೈಡ್ರೋಜನ್ ಹಾರಿಹೋಗುತ್ತದೆ, ಇಂಗಾಲ ಲೋಹದೊಳಗೆ ಕರಗುತ್ತದೆ. ಮುಂದಿನದು ನಮ್ಮ ಮಂಡ್ಯದವರಿಗೆ ಹೊಸದಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿದ ಪಾಕ ಗಟ್ಟಿಯಾಗುತ್ತ ಹೋದಂತೆ, ಅದರಲ್ಲಿ ಹಿಡಿಸದ ಸಕ್ಕರೆ ಹರಳುಗಟ್ಟುತ್ತದೆಯಲ್ಲವೇ? ಕಣದೊಳಗೂ ಹಿಡಿಸಲಾರದಷ್ಟು ಇಂಗಾಲ ತುಂಬಿದಾಗ ಅದು ಹೊರಬೀಳುತ್ತದೆ. ಆದರೆ ಹರಳಾಗಿ ಅಲ್ಲ, ಷಟ್ಕೋನಗಳ ಬಲೆಯಾಗಿ. ಕಣದ ಮೈ ಉಬ್ಬಿರುವುದರಿಂದ ಬಲೆ ಮೊದಲು ಟೋಪಿಯಂತೆ ಕೂರುತ್ತದೆ; ಕೆಳಗಿನಿಂದ ಇಂಗಾಲ ಸೇರುತ್ತಿದ್ದಂತೆ ಟೋಪಿ ಮೇಲೆದ್ದು ಕೊಳವೆಯಾಗುತ್ತದೆ.

ಶಾವಿಗೆಯ ದಪ್ಪವನ್ನು ಒರಳಿನ ತೂತು ನಿರ್ಧರಿಸುವಂತೆ ಇಲ್ಲಿ ಕಣದ ಗಾತ್ರ. ಒಂದೆರಡು ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್) ಕಣದಿಂದ ಒಂಟಿಗೋಡೆಯ ಕೊಳವೆ, ಹತ್ತಾರು ನ್ಯಾನೋಮೀಟರ್ ಆದರೆ ಸಾಮಾನ್ಯವಾಗಿ ಹಲವು ಗೋಡೆಗಳದ್ದು. ಹೋಲಿಕೆಯನ್ನು ಇದಕ್ಕಿಂತ ಎಳೆಯಬೇಡಿ. ಇಲ್ಲಿ ಒತ್ತುವವರು ಯಾರೂ ಇಲ್ಲ.

ಕಣ ತಾನು ಕೂತ ತಳಕ್ಕೆ ಬಿಗಿಯಾಗಿ ಅಂಟಿದ್ದರೆ ಕೊಳವೆಯ ಬುಡದಲ್ಲೇ ಉಳಿಯುತ್ತದೆ, ಸಡಿಲವಾಗಿದ್ದರೆ ಕೊಳವೆಯ ತುದಿಯಲ್ಲಿ ಏರುತ್ತ ಹೋಗುತ್ತದೆ.

ಹೀಗೆ ತಾನು ಕೊಳವೆಯಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ಕಣವೇ ವೇಗವರ್ಧಕ. ವೇಗವರ್ಧಕ ಖರ್ಚಾಗುವುದಿಲ್ಲ ಎಂದು ಪಠ್ಯದಲ್ಲಿ ಓದಿರುತ್ತೀರಿ. ಖರ್ಚಾಗುವುದಿಲ್ಲ, ಆದರೆ ಸಾಯುತ್ತದೆ: ಬೇಡದ ಇಂಗಾಲ ಮಸಿಯಂತೆ ಮುಚ್ಚಿಕೊಂಡರೆ ಅನಿಲ ಲೋಹವನ್ನು ಮುಟ್ಟಲಾರದು. 2004ರಲ್ಲಿ ಜಪಾನಿನ ಸಂಶೋಧಕರು ಅನಿಲದ ಜೊತೆ ಚೂರು ನೀರಾವಿ ಬೆರೆಸಿ ಆ ಮಸಿಯನ್ನು ತೊಲಗಿಸಿದರು. ಹತ್ತೇ ನಿಮಿಷದಲ್ಲಿ 2.5 ಮಿಲಿಮೀಟರ್ ಎತ್ತರದ ಕೊಳವೆಗಳ ಕಾಡು ಬೆಳೆಯಿತು.