ರಕ್ತಸ್ರಾವ ನಿಂತಿದೆ, ಆಂಟಿ-ಡಿ ಇಂಜೆಕ್ಷನ್ನಿಗೆ 28ನೇ ವಾರದವರೆಗೆ ಕಾಯಬಹುದೇ?

ರಕ್ತದ ಗುಂಪು ನೆಗೆಟಿವ್, ಚೊಚ್ಚಲ ಬಸುರು, 22ನೇ ವಾರ, ನಿನ್ನೆ ಕಂಡ ರಕ್ತ ಇಂದು ನಿಂತಿದೆ, ನೆಗೆಟಿವ್ ತಾಯಂದಿರಿಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ನನ್ನು 28ನೇ ವಾರದ ವಾಡಿಕೆಯ ಡೋಸಿನಲ್ಲೇ ತೆಗೆದುಕೊಂಡರೆ ಸಾಕೇ, ಮೊದಲ ಮಗುವಿಗೆ ಹೇಗೂ ತೊಂದರೆಯಿಲ್ಲವಂತೆ ಎಂದು ನೀವು ಬರೆದಿದ್ದೀರಿ. ಡೊಂಬಿವಲಿಯಲ್ಲಿ ನಾನೂ ಇದನ್ನೇ ಕೇಳಿ ಸಮಾಧಾನಪಟ್ಟಿದ್ದೆ. ನನ್ನದು ಓ ನೆಗೆಟಿವ್, ಯಜಮಾನರದು ಓ ಪಾಸಿಟಿವ್. ಮಾಸು ಕೆಳಗಿದ್ದುದರಿಂದ ಆರನೇ ತಿಂಗಳಲ್ಲಿ ರಕ್ತಸ್ರಾವವಾದಾಗ, ಹತ್ತಿರದ ನರ್ಸಿಂಗ್ ಹೋಮಿನವರು ಸ್ಕ್ಯಾನ್ ಮಾಡಿ, ಮಗುವಿನ ಎದೆಬಡಿತ ಕೇಳಿಸಿ, ವಿಶ್ರಾಂತಿ ಹೇಳಿ ಕಳುಹಿಸಿದರು. ಇಂಜೆಕ್ಷನ್ ಹೆರಿಗೆಯಾದ ಮೇಲೆ ಸಾಕೆಂದರು, ಆಗ ಕೊಟ್ಟರು ಕೂಡ.

ಕೆಟ್ಟಿದ್ದು ಅಲ್ಲಿಯೇ. ಹೊರಗೆ ಕಾಣುವ ರಕ್ತ ಬಹುಮಟ್ಟಿಗೆ ತಾಯಿಯದು. ಲೆಕ್ಕಕ್ಕೆ ಬರುವುದು, ಯಾರಿಗೂ ಕಾಣದಂತೆ ತಾಯಿಯ ರಕ್ತಕ್ಕೆ ಸೇರುವ ಮಗುವಿನ ರಕ್ತ. ಮಗು ತಂದೆಯಂತೆ ಪಾಸಿಟಿವ್ ಆಗಿದ್ದರೆ, ಆ ಪಾಸಿಟಿವ್ ರಕ್ತಕಣಗಳನ್ನು ನಮ್ಮ ನೆಗೆಟಿವ್ ದೇಹ ಪರಕೀಯವೆಂದು ಗುರುತಿಸಿ ಪ್ರತಿಕಾಯ ತಯಾರಿಸಲು ಕಲಿಯುವ ಮೊದಲೇ ಆಂಟಿ-ಡಿ ಅವುಗಳನ್ನು ತೆಗೆದುಹಾಕಬೇಕು. ರಕ್ತಸ್ರಾವವಾದ 72 ಗಂಟೆಗಳೊಳಗೆ ಎಂಬ ಗಡುವು ಇರುವುದು ಅದಕ್ಕಾಗಿ. ಒಮ್ಮೆ ಕಲಿತದ್ದನ್ನು ಯಾವ ಇಂಜೆಕ್ಷನ್ನೂ ಮರೆಸಲಾರದು. ಹೆರಿಗೆಯ ಹೊತ್ತಿಗೆ ನನ್ನ ದೇಹ ಕಲಿತಾಗಿತ್ತೆಂಬುದು ಮುಂದೆ ನೋಡಿದ ವೈದ್ಯರ ಅಭಿಪ್ರಾಯ. ಆ ಇಂಜೆಕ್ಷನ್ನಿಗೆ ಮುನ್ನ ಐಸಿಟಿ, ಅಂದರೆ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆ, ಮಾಡಿದ್ದರೆ ಆಗಲೇ ತಿಳಿಯುತ್ತಿತ್ತು, ಯಾರೂ ಮಾಡಲಿಲ್ಲ.

ಮಗಳು ಆರೋಗ್ಯವಾಗಿಯೇ ಹುಟ್ಟಿದಳು. ಎರಡನೆಯ ಬಸುರಿನಲ್ಲಿ ಐಸಿಟಿ ಪಾಸಿಟಿವ್ ಬಂದು, ಲೋಕಲ್ ರೈಲಿನಲ್ಲಿ ಪರೇಲಿನ ದೊಡ್ಡ ಆಸ್ಪತ್ರೆಗೆ ಅಲೆದಾಟ ಶುರುವಾಯಿತು. ನನ್ನ ಪ್ರತಿಕಾಯಗಳು ಮಗುವಿನ ರಕ್ತಕಣಗಳನ್ನು ನಾಶಮಾಡುತ್ತಿದ್ದವು. ಮಗುವಿನ ಮೆದುಳಿನ ರಕ್ತನಾಳದಲ್ಲಿ ರಕ್ತ ಹರಿಯುವ ವೇಗ ಅಳೆಯುವ ಡಾಪ್ಲರ್ ಸ್ಕ್ಯಾನ್‌ಗಳಲ್ಲಿ ರಕ್ತಹೀನತೆ ಹೆಚ್ಚುತ್ತಿರುವುದು ಕಂಡು, ಗರ್ಭದಲ್ಲಿರುವಾಗಲೇ ಹೊಕ್ಕುಳಬಳ್ಳಿಯ ಮೂಲಕ ಅದಕ್ಕೆ ರಕ್ತ ಕೊಡಬೇಕಾಯಿತು. ಮಗ ಉಳಿದ, ಮೂರನೆಯದರ ಮಾತನ್ನು ನಾವು ಎತ್ತಲಿಲ್ಲ.

ಆದ್ದರಿಂದ ‘ಈಗಲೋ, 28ನೇ ವಾರದಲ್ಲೋ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಐಸಿಟಿ ನೆಗೆಟಿವ್ ಇದ್ದರೆ ಈಗಲೂ ಬೇಕು, 28ನೇ ವಾರದಲ್ಲೂ ಬೇಕು, ಮಗು ಪಾಸಿಟಿವ್ ಆದರೆ ಹೆರಿಗೆಯ ನಂತರವೂ ಬೇಕು. ಮೊದಲ ಮಗುವಿಗೆ ಸಾಮಾನ್ಯವಾಗಿ ಅಪಾಯವಿಲ್ಲ ಎನ್ನುವುದು ನಿಜ, ಆದರೆ ಈ ಇಂಜೆಕ್ಷನ್ ಇರುವುದೇ ಮುಂದಿನ ಮಗುವಿಗಾಗಿ. 300 ಮೈಕ್ರೋಗ್ರಾಂ ಡೋಸ್ ಸುಮಾರು 30 ಮಿಲಿಲೀಟರ್ ಮಗುವಿನ ರಕ್ತಕ್ಕೆ ಸಾಕಾಗುತ್ತದೆ; ಅದಕ್ಕಿಂತ ಹೆಚ್ಚು ಸೇರಿದೆಯೇ ಎಂದು ತಿಳಿಯಲು ಕ್ಲೈಹಾವರ್ ಪರೀಕ್ಷೆಯ ಬಗ್ಗೆ ಕೇಳಿ. ರಕ್ತಸ್ರಾವ ಮರುಕಳಿಸಿದರೆ, ಹಿಂದೆ ಕೊಟ್ಟದ್ದು ಸಾಕೆಂದು ಸುಮ್ಮನಾಗದೆ ಮತ್ತೊಂದು ಡೋಸಿನ ಮಾತನ್ನು ನೀವೇ ಎತ್ತಿ. 72 ಗಂಟೆ ಮೀರಿದರೂ ಹೋಗಿ, ಹತ್ತು ದಿನಗಳೊಳಗೆ ಕೊಟ್ಟರೆ ಸ್ವಲ್ಪ ರಕ್ಷಣೆಯಾದರೂ ಸಿಗಬಹುದು. ಐಸಿಟಿಗೆ ರಕ್ತ ತೆಗೆದ ಮೇಲೆಯೇ ಇಂಜೆಕ್ಷನ್ ಹಾಕಲಿ. ಹಾಕಿದ ಮೇಲೆ ತೆಗೆದರೆ ಆ ಔಷಧವೇ ವರದಿಯನ್ನು ಪಾಸಿಟಿವ್ ತೋರಿಸಬಹುದು.