ಪ್ರೋಟೀನ್ ಒಡೆಯುವುದನ್ನು ತಡೆಯುವ ಮಾತ್ರೆ ಇದೆಯಾ?

ನಿಮಗೆ ಡೆಂಗಿ ವಾಸಿಯಾಗಿ ಮೂರು ವಾರವಾಗಿದೆ. ತೊಡೆ, ತೋಳು ಕರಗಿವೆ. ಡಾಕ್ಟರ್ "ಜ್ವರದಲ್ಲಿ ಪ್ರೋಟೀನ್ ಒಡೆದಿದೆ" ಅಂದರು. ಹಾಗಾದರೆ ಒಡೆಯದಂತೆ ತಡೆಯುವ ಮಾತ್ರೆ ಇಲ್ವಾ ಅಂತ ಕೇಳಿದ್ದೀರಿ.

ಔಷಧಿ ಇದೆ. ಆದರೆ ನಿಮಗೆ ಅದು ಖಂಡಿತ ಬೇಡ. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವನು, ಡಾಕ್ಟರ್ ಅಲ್ಲ. ಪಾಠದ ಮಟ್ಟಿಗೆ ಹೇಳುತ್ತೇನೆ.

ಜ್ವರ ಇಲ್ಲದಿದ್ದರೂ ದೊಡ್ಡವರ ಮೈಯಲ್ಲಿ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನ್ ಒಡೆಯುತ್ತದೆ. ನಾವು ತಿನ್ನುವುದು ಅದರ ಕಾಲು ಭಾಗ ಇದ್ದರೆ ಹೆಚ್ಚು. ಹಳೇ ಮನೆ ಕೆಡವಿದ ಇಟ್ಟಿಗೆಯಲ್ಲೇ ಹೊಸ ಗೋಡೆ ಏಳುತ್ತಿರುತ್ತದೆ. ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಚೀಟಿ ಅಂಟುತ್ತದೆ. ಪ್ರೋಟಿಯಾಸೋಮ್ ಎಂಬ ಕೊಳವೆಯಂಥ ಯಂತ್ರ ಚೀಟಿ ನೋಡಿ ಅದನ್ನು ಒಳಗೆಳೆದು ಕತ್ತರಿಸುತ್ತದೆ. ಈ ಚೀಟಿಯ ಗುಟ್ಟು ಬಿಡಿಸಿದ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಜ್ವರದಲ್ಲಿ ಊಟ ಸೇರುವುದಿಲ್ಲ, ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ, ಸ್ನಾಯುವಿನಲ್ಲಿ ಚೀಟಿ ಅಂಟಿಸುವ ಕೆಲಸ ಜೋರಾಗುತ್ತದೆ. ನನಗೆ ಟೈಫಾಯಿಡ್ ಬಂದಾಗ ವಾಚಿನ ಪಟ್ಟಿ ಕೊನೇ ತೂತಿಗೆ ಹಾಕಿದರೂ ಮೊಣಕೈವರೆಗೆ ಜಾರುತ್ತಿತ್ತು. ಹಾಗೆ ಕರಗಿದ್ದು ಪೋಲಾಗಿರಲಿಲ್ಲ. ಪ್ರೋಟೀನ್ ಒಡೆದಾಗ ಸಿಗುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಅವುಗಳಲ್ಲಿ ಒಂದಷ್ಟನ್ನು ಲಿವರ್ ಸಕ್ಕರೆ ಮಾಡಿ ಮಿದುಳಿಗೆ ಕಳಿಸುತ್ತದೆ. ಇನ್ನೊಂದಷ್ಟರಿಂದ, ಸೋಂಕು ಬಂದಾಗ ರಕ್ತದಲ್ಲಿ ಏರುವ ಸಿಆರ್‌ಪಿಯಂಥ ಪ್ರೋಟೀನ್ ತಯಾರಿಸುತ್ತದೆ. ನಿಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಈ ಹೆಸರು ನೋಡಿರಬಹುದು. ಗ್ಲುಟಮಿನ್ ಅಂತ ಒಂದು ಅಮೈನೋ ಆಮ್ಲ ಇದೆ, ಅದು ಬಿಳಿ ರಕ್ತಕಣಗಳಿಗೆ ಉರುವಲು.

ಇನ್ನು ರೋಗನಿರೋಧಕ ಶಕ್ತಿಯ ವಿಷಯ. ನನಗೆ ಬಹಳ ಇಷ್ಟದ ಭಾಗ ಇದು. ನಮ್ಮ ಬೀದಿಗೆ ಬೆಳಿಗ್ಗೆ ಕಸದ ಆಟೋ ಬರುತ್ತದೆ. ಹಸಿ ಕಸ ಸುರಿದುಕೊಳ್ಳುವ ಹೆಂಗಸು ಅವರೆಕಾಯಿ ಸಿಪ್ಪೆ ಕಂಡ ಕೂಡಲೇ ನನ್ನ ಹೆಂಡತಿಗೆ "ನಿನ್ನೆ ಹಿತಕಿದ ಬೇಳೆ ಸಾರಾ ಅಕ್ಕಾ?" ಅನ್ನುತ್ತಾರೆ. ಮನೆಯೊಳಗೆ ಕಾಲಿಡಬೇಕಾಗಿಲ್ಲ. ಜೀವಕೋಶಗಳೂ ಹಾಗೇ. ಪ್ರೋಟಿಯಾಸೋಮ್ ಕತ್ತರಿಸಿದ ಚೂರುಗಳಲ್ಲಿ ಕೆಲವನ್ನು, ಎಂಟು-ಹತ್ತು ಅಮೈನೋ ಆಮ್ಲದಷ್ಟು ಉದ್ದದವನ್ನು, ಎಂಎಚ್‌ಸಿ ಎಂಬ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತವೆ. ಟಿ-ಕಣಗಳು ಎಂಬ ಬಿಳಿ ರಕ್ತಕಣಗಳು ಬಂದು ನೋಡುತ್ತವೆ. ವೈರಸ್ಸಿನ ಚೂರು ಕಂಡರೆ ಆ ಜೀವಕೋಶವನ್ನೇ ಮುಗಿಸುತ್ತವೆ. ಸೋಂಕು ತಗುಲಿದಾಗ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಸಂಕೇತ ಬಂದು ಪ್ರೋಟಿಯಾಸೋಮಿನ ಕತ್ತರಿಗಳನ್ನೇ ಬದಲಾಯಿಸುತ್ತದೆ, ತಟ್ಟೆಗೆ ಸರಿಹೊಂದುವ ಚೂರು ಜಾಸ್ತಿ ಸಿಗಲಿ ಅಂತ!

ಈಗ ಆ ಔಷಧಿ. ಬೋರ್ಟೆಜೊಮಿಬ್ ಪ್ರೋಟಿಯಾಸೋಮನ್ನು ತಡೆಯುತ್ತದೆ. 2003ರಲ್ಲಿ ಅಮೆರಿಕದಲ್ಲಿ ಮಲ್ಟಿಪಲ್ ಮೈಲೋಮಾಕ್ಕೆ ಒಪ್ಪಿಗೆ ಸಿಕ್ಕಿತು. ಅದು ಪ್ಲಾಸ್ಮಾ ಕಣಗಳ, ಅಂದರೆ ಆ್ಯಂಟಿಬಾಡಿ ತಯಾರಿಸುವ ಬಿಳಿ ರಕ್ತಕಣಗಳ, ಕ್ಯಾನ್ಸರ್. ಆ ಕಣಗಳು ಹಗಲು ರಾತ್ರಿ ಪ್ರೋಟೀನ್ ತಯಾರಿಸುತ್ತವೆ, ಕಸ ಎತ್ತುವುದು ನಿಂತರೆ ಬೇಗ ಸಾಯುತ್ತವೆ. ಆದರೆ ಈ ಔಷಧಿ ತೆಗೆದುಕೊಳ್ಳುವವರಲ್ಲಿ ಸರ್ಪಸುತ್ತು ಎಂಬ ವೈರಸ್ ರೋಗ ಏಳುವ ಅಪಾಯ ಹೆಚ್ಚು. ಅದಕ್ಕೇ ವೈರಸ್ ತಡೆಯುವ ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ. ತೊಡೆ ದಪ್ಪಗಾಗಲಿ ಅಂತ ಇದನ್ನು ಯಾರೂ ಕೊಡುವುದಿಲ್ಲ.

ನೀವು ಬೇಳೆ, ಮೊಟ್ಟೆ, ಮೊಸರು, ಹೆಸರುಕಾಳು ಸ್ವಲ್ಪ ಜಾಸ್ತಿ ತಿನ್ನಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಕೊಂಡು. ಸುಸ್ತು ಕಡಿಮೆಯಾದ ಮೇಲೆ ಮೆಟ್ರೋ ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ. ಸ್ನಾಯುವಿಗೆ ಕೆಲಸ ಕೊಡದೆ ಬರೀ ಪ್ರೋಟೀನ್ ಪೌಡರ್ ಕುಡಿದರೆ ಅಷ್ಟೇನೂ ಉಪಯೋಗವಿಲ್ಲ. ನನ್ನ ವಾಚು ಹಳೇ ತೂತಿಗೆ ಬರಲು ಎರಡೂವರೆ ತಿಂಗಳು ಹಿಡಿಯಿತು.