ವಾರದಲ್ಲಿ ಯಾವ ದಿನ ಕಸರತ್ತು, ಯಾವ ದಿನ ರಜೆ?

ಪ್ರಶ್ನೆ: ಅಕ್ಕಾ, ನನಗೆ 36 ವರ್ಷ. ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆ. ಮಕ್ಕಳು ಏಳುವ ಮೊದಲೇ ಎದ್ದು ಬಸ್ಕಿ, ಡಂಬೆಲ್, ಸ್ಕಿಪ್ಪಿಂಗ್ ಎಲ್ಲವನ್ನೂ ದಿನಾ ಮಾಡುತ್ತೇನೆ. ಈಗ ತೊಡೆ ಯಾವಾಗಲೂ ಭಾರ. ಮೆಟ್ಟಿಲು ಇಳಿಯಲೂ ಕಷ್ಟ. ಒಂದು ದಿನ ಬಿಟ್ಟರೆ ಮಾಡಿದ್ದೆಲ್ಲ ಹೋಗಿಬಿಡುತ್ತದೆ ಅಂತ ಭಯ. ಸ್ಟ್ರೆಂತ್ (ಸ್ನಾಯು ಬಲಿಸುವ ಕಸರತ್ತು) ಯಾವಾಗ, ಕಾರ್ಡಿಯೋ (ಉಸಿರು, ಎದೆಬಡಿತ ಏರಿಸುವ ಕಸರತ್ತು) ಯಾವಾಗ, ರಜೆ ಯಾವಾಗ? (ಹೆಸರು ಬೇಡ)

ಉತ್ತರ: ಒಂದು ದಿನ ಬಿಟ್ಟರೆ ಏನೂ ಹೋಗುವುದಿಲ್ಲ ತಂಗಿ. ಮೊದಲು ಇದನ್ನೇ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ತೊಡೆನೋವಿಗಿಂತ ಈ ಭಯವೇ ನನಗೆ ಜಾಸ್ತಿ ಕಂಡಿತು.

ಭಾರ ಎತ್ತುವಾಗ ಸ್ನಾಯು ದಣಿಯುತ್ತದೆ, ಒಳಗೆ ಸಣ್ಣಪುಟ್ಟ ಘಾಸಿಯೂ ಆಗುತ್ತದೆ. ಅದು ಬಲಿಯುವುದು ಆಮೇಲೆ, ನೀವು ಉಂಡು ಮಲಗಿದಾಗ. ಅದಕ್ಕೇ ಒಂದೇ ಭಾಗಕ್ಕೆ ಮತ್ತೆ ಭಾರ ಕೊಡುವ ಮೊದಲು ಸುಮಾರು 48 ಗಂಟೆ ಬಿಡಬೇಕು. ನಾನು ಗರಡಿ ಪಕ್ಕದ ಮನೆಯಲ್ಲಿ ಬೆಳೆದವಳು. ಪೈಲ್ವಾನರು ಸಾಮು ಮಾಡುವುದನ್ನು ನೋಡಿದಷ್ಟೇ, ಮೈಗೆ ಎಣ್ಣೆ ತಿಕ್ಕಿಸಿಕೊಂಡು ಮಲಗುವುದನ್ನೂ ನೋಡಿದ್ದೇನೆ.

ನಿಮ್ಮ ತೊಂದರೆ ಇರುವುದು ಜೋಡಣೆಯಲ್ಲಿ. ಬಸ್ಕಿಯ ಭಾರ ಬೀಳುವುದು ತೊಡೆಗೆ. ಸ್ಕಿಪ್ಪಿಂಗ್‌ನಲ್ಲಿ ದುಡಿಯುವುದು ಮೀನಖಂಡ, ಜೊತೆಗೆ ಅದೇ ತೊಡೆ. ಹೀಗಾಗಿ ಕಾಲಿಗೆ ವಾರವಿಡೀ ಬಿಡುವೇ ಸಿಗುತ್ತಿಲ್ಲ, ಅಲ್ವಾ?

ಈ ವಾರ ತೊಡೆ ಹಗುರಾಗುವವರೆಗೆ ಬಸ್ಕಿ, ಹಗ್ಗ ಎರಡನ್ನೂ ಬದಿಗಿಡಿ. ಆಮೇಲೆ ಸೋಮವಾರ ಮತ್ತು ಗುರುವಾರ ಸ್ಟ್ರೆಂತ್: ಬಸ್ಕಿ, ಗೋಡೆಗೆ ಕೈಯೂರಿ ಪುಷಪ್, ಬಗ್ಗಿ ಡಂಬೆಲ್ ಎಳೆಯುವುದು. ಅರ್ಧ ಗಂಟೆ ಸಾಕು. ಮಂಗಳವಾರ, ಶುಕ್ರವಾರ ಒಂದೊಂದು ಗಂಟೆ ಬಿರುಸಿನ ನಡಿಗೆ. ಕುಂದವಾಡ ಕೆರೆಗೆ ಹೋದರೆ ಚೆನ್ನ. ಆಗದಿದ್ದರೆ ಬೆಳಗ್ಗೆ ಅರ್ಧ, ಸಂಜೆ ಅರ್ಧ ಮಾಡಿಕೊಳ್ಳಿ. ಶನಿವಾರ ಮಧ್ಯೆ ಮಧ್ಯೆ ನಿಂತು, ಒಟ್ಟು 15 ನಿಮಿಷ ಸ್ಕಿಪ್ಪಿಂಗ್. ಬುಧವಾರ, ಭಾನುವಾರ ರಜೆ. ಮನೆಗೆಲಸ ಹೇಗೂ ಇದ್ದೇ ಇರುತ್ತದೆ.

ಇದು ಕಡಿಮೆಯಾಯಿತು ಅನ್ನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಕಾರ್ಡಿಯೋ, ಎರಡು ದಿನ ಸ್ಟ್ರೆಂತ್. ಜೋರಾಗಿ ಏದುಸಿರು ಬರಿಸುವ ಒಂದು ನಿಮಿಷವನ್ನು ಎರಡು ನಿಮಿಷ ಅಂತ ಹಿಡಿಯಬಹುದು. ನಡಿಗೆಯ 120, ಸ್ಕಿಪ್ಪಿಂಗ್‌ನ 30. ಸರಿಹೋಯಿತು.

ಎಂದಾದರೂ ಸ್ಟ್ರೆಂತ್, ಕಾರ್ಡಿಯೋ ಎರಡನ್ನೂ ಒಂದೇ ದಿನ ಮಾಡಬೇಕಾಗಿ ಬಂದರೆ ಡಂಬೆಲ್ ಮೊದಲು, ಹಗ್ಗ ಆಮೇಲೆ. ದಣಿದ ಕಾಲಲ್ಲಿ ಭಾರ ಎತ್ತಿದರೆ ಭಂಗಿ ಕೆಡುತ್ತದೆ, ಸೊಂಟ ಹಿಡಿಯುತ್ತದೆ. ಊಟದಲ್ಲಿ ಕಾಳು ಪಲ್ಯ, ಮೊಸರು, ಶೇಂಗಾ ಇರಲಿ. ತಿನ್ನುವವರಾದರೆ ಮೊಟ್ಟೆಯೂ ಇರಲಿ. ನೋವು ಮಂಡಿಯ ಕೀಲಿನಲ್ಲೇ ಇದ್ದರೆ, ಊತ ಬಂದರೆ, ವಾರ ಬಿಟ್ಟರೂ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ದಯವಿಟ್ಟು ತಡಮಾಡಬೇಡಿ.

ಪ್ರಶ್ನೆ: ಮೇಡಂ, ನಾನು ಚಿತ್ರದುರ್ಗದ ಕಾಲೇಜು ಹುಡುಗ. ಪ್ರತಿ ಭಾನುವಾರ ಗೋಪಾಲಸ್ವಾಮಿ ಹೊಂಡದವರೆಗೆ ಕೋಟೆ ಹತ್ತುತ್ತೇನೆ. ಇದು ಕಾರ್ಡಿಯೋನಾ, ಸ್ಟ್ರೆಂತಾ? ಸೋಮವಾರ ಬಸ್ಕಿ ಹೊಡೆಯಲಾ?

ಉತ್ತರ: ನಿಮಿಷಗಳನ್ನು ಕಾರ್ಡಿಯೋ ಲೆಕ್ಕಕ್ಕೆ ಬರೆದುಕೊಳ್ಳಪ್ಪ. ಆದರೆ ತೊಡೆಯ ಮಟ್ಟಿಗೆ ಅದು ಭಾರ ಎತ್ತಿದ ದಿನವೇ. ಹತ್ತುವಾಗ ಉಸಿರು ಕಟ್ಟುತ್ತದೆ, ನಿಜ. ಮರುದಿನ ನೋಯಿಸುವುದು ಮಾತ್ರ ಹೆಚ್ಚಾಗಿ ಇಳಿದದ್ದು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕಲ್ಲ! ಆ ನೋವು ಎರಡನೇ ದಿನ ಇನ್ನೂ ಏರಬಹುದು. ಸೋಮವಾರ ದಂಡ (ಪುಷಪ್) ಹೊಡಿ, ಬಸ್ಕಿ ಬುಧವಾರಕ್ಕಿರಲಿ.